ಶಿಗ್ಗಾಂವ ಪ್ರಾಂತದ ಗೃಹಸೋಪಾನಗಳು: ಏಣಿಯಿಂದ ಪಾವಟಿಗೆಯವರೆಗೆ

ಕರ್ನಾಟಕದ ವಾಸ್ತುಶಿಲ್ಪವನ್ನು ಕುರಿತು ಇದುವರೆಗೆ ಹೊರಬಂದಿರುವ ಗ್ರಂಥಗಳಲ್ಲಿ ದೇವಾಲಯಗಳಿಗೆ ಸಂದ ಸ್ಥಾನವು ಮನೆಗಳಿಗೆ ಸಂದಿಲ್ಲ. ಹೆನ್ರಿ ಕಸಿನ್ಸರು ೧೯೨೬ರಲ್ಲಿ ಪ್ರಕಟಿಸಿದ, ಕನ್ನಡ ಜಿಲ್ಲೆಗಳ ಚಾಲುಕ್ಯ ವಾಸ್ತುಶಿಲ್ಪವನ್ನು ಕುರಿತ ಗ್ರಂಥವು ಹಾನಗಲ್ಲು, ಹಾವೇರಿ ಮೊದಲಾದ ಊರುಗಳ ಗುಡಿಗಳನ್ನು ನಕ್ಷೆಗಳೊಡನೆ ವರ್ಣಿಸಿತು. ಬಂಕಾಪುರದ ನಗರೇಶ್ವರ ದೇವಾಲಯ, ಕನಕದಾಸರ ಬಾಡ, ಶರೀಫ ಸಾಹೇಬರ ಶಿಶುನಾಳ ಇವು ಮೂರೂ ಶಿಗ್ಗಾಂವ ತಾಲೂಕಿನಲ್ಲಿಯೇ ಇರುವುದರಿಂದ, ಈ ಪ್ರಾಂತದ ಶಾಸನ, ಶಿಲ್ಪ, ಸಂತವಾಙ್ಮಯಗಳ ಮೇಲೆ ವಿದ್ವಾಂಸರ ದೃಷ್ಟಿಯು ಬಿದ್ದುದು ಸಹಜವೇ ಆಗಿದೆ. ಆದರೆ ಆ ದೇವಾಲಯಗಳಿಗೆ ಹೋಗಿಬರುತ್ತಿದ್ದ, ಆ ಹಾಡುಗಳನ್ನು ಕೇಳುತ್ತಿದ್ದ ಜನರು ವಾಸಿಸಿದ ಮನೆಗಳ ವಿಚಾರವು ಹಿಂದೆ ಬಿದ್ದಿದೆ. ಮನೆಗಳನ್ನು ನೋಡಿದವರೂ ಕಂಬದ ಬೋದಿಗೆಯನ್ನೋ ಬಾಗಿಲಿನ ಕೆತ್ತನೆಯನ್ನೋ ಮೆಚ್ಚಿ ನಿಂತರಲ್ಲದೆ, ಮೇಲೆ ಹತ್ತುವ ಪಾವಟಿಗೆಯನ್ನು ಅಳೆದು ನೋಡಿದವರು ವಿರಳ.

ಮನೆಯ ಅಂಗಗಳಲ್ಲಿ ಪಾವಟಿಗೆಯಷ್ಟು ನೇರವಾಗಿ ಮನುಷ್ಯನ ದೇಹಕ್ಕೆ ಸಂಬಂಧಪಟ್ಟುದು ಇನ್ನೊಂದಿಲ್ಲ. ಗೋಡೆಯು ಒಂದು ಗೇಣು ದಪ್ಪವಾದರೂ ತೆಳುವಾದರೂ ಒಳಗಿರುವವನಿಗೆ ತಿಳಿಯದು. ಮೆಟ್ಟಿಲು ಒಂದು ಬೆರಳು ಹೆಚ್ಚುಕಡಮೆಯಾದರೆ ಕಾಲು ಅದನ್ನು ಕೂಡಲೆ ಅರಿಯುವುದು. ಆದುದರಿಂದ ಒಂದು ಪ್ರಾಂತದ ಗೃಹಸೋಪಾನಗಳು ಯಾವ ಕಾರಣಗಳಿಂದ ಯಾವ ರೂಪವನ್ನು ತಾಳಿದುವು ಎಂಬುದನ್ನು ವಿಚಾರಿಸಿದರೆ, ಆ ಮನೆಗಳು ಯಾರ ಅನುಕೂಲವನ್ನು ಲಕ್ಷಿಸಿ ಕಟ್ಟಲ್ಪಟ್ಟುವು ಎಂಬುದೂ ವಿದಿತವಾಗುವುದು.

೧

ಮೊದಲು ಶಬ್ದಗಳನ್ನು ನೋಡಬಹುದು. ಮೇಲೆ ಹತ್ತುವ ಸಾಧನಕ್ಕೆ ಕನ್ನಡದಲ್ಲಿ ಎರಡು ವರ್ಗದ ಹೆಸರುಗಳಿವೆ. ಏಣಿ, ನಿಚ್ಚಣಿಗೆ ಎಂಬುವು ಒಂದು ವರ್ಗ. ಇವುಗಳಲ್ಲಿ ಏಣಿಯು ತಮಿಳು ಮಲೆಯಾಳಗಳಲ್ಲಿಯೂ ಇರುವ ದ್ರಾವಿಡ ಶಬ್ದ. ನಿಚ್ಚಣಿಗೆಯು ಸಂಸ್ಕೃತದ ನಿಃಶ್ರೇಣಿಯ ತದ್ಭವ. ಮೆಟ್ಟಿಲು, ಪಾವಟಿಗೆ, ಸೋಪಾನ ಎಂಬುವು ಎರಡನೆಯ ವರ್ಗ. ಮೆಟ್ಟಿಲೆಂಬುದು ಮೆಟ್ಟು, ಎಂದರೆ ಕಾಲಿಂದ ತುಳಿ, ಎಂಬ ಧಾತುವಿನಿಂದ ಬಂದುದೆಂಬುದು ಸ್ಪಷ್ಟ. ಪಾವಟಿಗೆಯು ಉತ್ತರ ಕರ್ನಾಟಕದಲ್ಲಿ ಬಳಕೆಯ ಮಾತು. ಅಮರಕೋಶವೂ ಈ ಭೇದವನ್ನು ಪಾಲಿಸಿ, ಸೋಪಾನಕ್ಕೆ ಆರೋಹಣವೆಂದೂ ನಿಃಶ್ರೇಣಿಗೆ ಅಧಿರೋಹಿಣಿಯೆಂದೂ ಬೇರೆ ಬೇರೆ ಪರ್ಯಾಯಗಳನ್ನು ಕೊಡುತ್ತದೆ. ಮಾನಸಾರವೆಂಬ ಶಿಲ್ಪಗ್ರಂಥವು ಸೋಪಾನಗಳನ್ನು ಚಲ, ಅಚಲ ಎಂದು ವಿಭಾಗಿಸಿರುವುದಕ್ಕೂ ಇದೇ ಭೇದವೇ ಆಧಾರ: ಒಂದನ್ನು ಎತ್ತಿ ಬೇಕಾದೆಡೆಗೆ ಒಯ್ಯಬಹುದು, ಇನ್ನೊಂದು ಕಟ್ಟಡದ ಅಂಗವಾಗಿ ನೆಲೆನಿಂತುದು.

ಈ ಭೇದವು ಕೇವಲ ಹೆಸರಿನದಲ್ಲ, ದೇಹದ ಕ್ರಿಯೆಯದು. ಏಣಿಯನ್ನು ಕೈಕಾಲುಗಳೆರಡರಿಂದಲೂ ಹತ್ತಬೇಕು. ಇಳಿಯುವಾಗ ಅದಕ್ಕೆ ಮುಖಮಾಡಿಯೇ ಇಳಿಯಬೇಕು. ಮೆಟ್ಟಿಲನ್ನಾದರೋ ಕಾಲುಗಳಿಂದಲೇ ಹತ್ತುವರು. ಇಳಿಯುವಾಗ ಬೆನ್ನನ್ನು ಅದಕ್ಕೆ ಕೊಟ್ಟು, ಮುಂದೆ ನೋಡುತ್ತ ಇಳಿಯುವರು. ಕೈಗಳು ಬೇರೆ ಕೆಲಸಕ್ಕೆ ತೆರವಾಗಿರುವುವು. ಶಿಗ್ಗಾಂವ ಪ್ರಾಂತದ ಹಳೆಯ ಮನೆಗಳ ಪಾವಟಿಗೆಯ ಇತಿಹಾಸವೆಲ್ಲವೂ ಈ ಎರಡರ ನಡುವೆ ಇದೆ. ಅಲ್ಲಿ ಹೆಚ್ಚಾಗಿ ಕಾಣುವುದು ಶುದ್ಧವಾದ ಏಣಿಯೂ ಅಲ್ಲ, ಶುದ್ಧವಾದ ಸೋಪಾನವೂ ಅಲ್ಲ. ಇಕ್ಕೆಲದ ಎರಡು ದಪ್ಪ ಹಲಗೆಗಳ ನಡುವೆ ಕಿರಿದಾದ ಅಡ್ಡಹಲಗೆಗಳನ್ನು ಕೂಡಿಸಿ, ಕಡಿದಾಗಿ ನಿಲ್ಲಿಸಿದ ಏಣಿಮೆಟ್ಟಿಲು.

೨

ಇಂಥ ಮಧ್ಯಮ ರೂಪವು ಏಕೆ ಬಂದಿತೆಂಬುದಕ್ಕೆ ಮನೆಯ ರಚನೆಯಲ್ಲಿಯೇ ಉತ್ತರವಿದೆ. ಶಿಗ್ಗಾಂವವು ಪೂರ್ವದ ಎರೆಯ ಬಯಲಿಗೂ ಪಶ್ಚಿಮದ ಮಲೆನಾಡಿಗೂ ನಡುವಣ ಸೆರಗಿನಲ್ಲಿದೆ. ಸವಣೂರಿನ ಕಡೆಗೆ ಸಾಗಿದಂತೆ ಮಣ್ಣಿನ ಚಪ್ಪಟೆ ಮಾಳಿಗೆಯ ಮನೆಗಳೂ, ಹಾನಗಲ್ಲಿನ ಕಡೆಗೆ ಸಾಗಿದಂತೆ ಇಳಿಜಾರು ಮಾಡಿನ ಹಂಚಿನ ಮನೆಗಳೂ ಪ್ರಧಾನವಾಗಿದ್ದುವು. ಮಾಳಿಗೆಯ ಮನೆಯಲ್ಲಿ ಕಂಬಗಳ ಮೇಲೆ ತೊಲೆ, ತೊಲೆಗಳ ಮೇಲೆ ಒತ್ತೊತ್ತಾಗಿ ಜಂತೆ, ಜಂತೆಗಳ ಮೇಲೆ ಹಲಗೆ ಅಥವಾ ಕಟ್ಟಿಗೆಯ ಹಾಸು, ಅದರ ಮೇಲೆ ಮಣ್ಣಿನ ದಪ್ಪ ಮೇಲ್ಮುದ್ದೆ. ಮಳೆನೀರು ಒಳಗೆ ಇಳಿಯದಂತೆ ಮೇಲೆ ಸವಳು ಮಣ್ಣನ್ನು ಹರಡುವ ವಾಡಿಕೆಯಿತ್ತು. ಮನೆಯ ವಿಸ್ತಾರವನ್ನು ಕಂಬದಿಂದ ಕಂಬಕ್ಕಿರುವ ಅಂಕಣದಿಂದ ಎಣಿಸುತ್ತಿದ್ದರು.

ಇಂಥ ಚಾವಣಿಯಲ್ಲಿ ಹತ್ತಲು ಬೇಕಾದ ಬಾಯನ್ನು ತೆರೆಯುವುದು ಸುಲಭದ ಕಾರ್ಯವಲ್ಲ. ತೊಲೆಯನ್ನು ಕಡಿಯುವಂತಿಲ್ಲ, ಕಡಿದರೆ ಅದರ ಮೇಲಣ ಮಣ್ಣಿನ ಭಾರವನ್ನು ಹೊರುವವರಿಲ್ಲ. ಜಂತೆಗಳನ್ನು ಕಡಿದರೂ ಒಂದೆರಡನ್ನು ಮಾತ್ರ ಕಡಿಯಬೇಕು. ಬಾಯಿ ದೊಡ್ಡದಾದಷ್ಟೂ ಮಳೆಗಾಲದಲ್ಲಿ ಅದನ್ನು ಮುಚ್ಚುವುದು ಕಷ್ಟ. ಆದುದರಿಂದ ಬಾಯಿಯು ಒಂದು ಅಂಕಣವನ್ನು ಮೀರದೆ, ಬಹುಸ್ಥಳಗಳಲ್ಲಿ ಅದಕ್ಕಿಂತ ಕಿರಿದಾಗಿಯೇ ಉಳಿಯಿತು. ಬಾಯಿ ಕಿರಿದಾದರೆ ಪಾವಟಿಗೆಯು ಓರೆಯಾಗಿ ಚಾಚುವುದಕ್ಕೆ ಎಡೆಯಿಲ್ಲ. ಚಾಚಿದರೆ ಹತ್ತುವವನ ತಲೆ ತೊಲೆಗೆ ತಾಗುವುದು. ಹೀಗೆ ಪಾವಟಿಗೆಯ ಕಡಿದುತನವನ್ನು ನಿರ್ಣಯಿಸಿದುದು ಬಡಗಿಯ ಅಜ್ಞಾನವಲ್ಲ, ತೊಲೆಯ ಅಂತರ.

ಇನ್ನೊಂದು ಕಾರಣವು ಬಳಕೆಯದು. ಮಾಳಿಗೆಯ ಮೇಲಕ್ಕೆ ನಿತ್ಯವೂ ಹೋಗಬೇಕಾಗಿರಲಿಲ್ಲ. ಕಾಳುಕಡಿ, ಹಪ್ಪಳ ಸಂಡಿಗೆಗಳನ್ನು ಒಣಗಿಸುವುದಕ್ಕೆ, ಬೇಸಗೆಯ ರಾತ್ರಿಯಲ್ಲಿ ಮಲಗುವುದಕ್ಕೆ, ಮಳೆಗಾಲಕ್ಕೆ ಮೊದಲು ಬಿರುಕುಗಳನ್ನು ಮೆತ್ತುವುದಕ್ಕೆ, ಬೆಳಕಿಂಡಿಯನ್ನು ಮುಚ್ಚುವುದಕ್ಕೆ ಜನರು ಹತ್ತುತ್ತಿದ್ದರು. ಹಂಚಿನ ಮನೆಯ ಅಟ್ಟವೂ ಸಾಮಾನನ್ನು ಇಡುವ ಸ್ಥಳವೇ ಹೊರತು ವಾಸಸ್ಥಾನವಲ್ಲ. ಹತ್ತುವವನು ಎರಡು ಕೈಗಳಿಂದಲೂ ಹಲಗೆಯನ್ನು ಹಿಡಿಯುತ್ತಿದ್ದನು. ಸಾಮಾನನ್ನು ಕೆಳಗಿನಿಂದ ಒಬ್ಬನು ಎತ್ತಿಕೊಟ್ಟರೆ ಮೇಲಿನಿಂದ ಇನ್ನೊಬ್ಬನು ತೆಗೆದುಕೊಳ್ಳುತ್ತಿದ್ದನು. ಏಣಿಯಂತೆ ಬಳಸುವವರೆಗೆ ಏಣಿಮೆಟ್ಟಿಲು ಅಪಾಯಕರವಾಗಿರಲಿಲ್ಲ.

ದೇಶಗತಿಯ ವಾಡೆಗಳಲ್ಲಿ ಮೂರನೆಯ ಕಾರಣವೂ ಕೂಡಿತು. ಬಂಕಾಪುರದ ಕೋಟೆಯು ಬಹಮನಿ, ವಿಜಯನಗರ, ಆದಿಲಶಾಹಿಗಳ ಕಾಲದಲ್ಲಿ ಕೈಯಿಂದ ಕೈಗೆ ಹೋಯಿತು. ಮುಂದೆ ಸವಣೂರಿನ ನವಾಬರು, ಮರಾಠರು, ಮೈಸೂರಿನವರು ಈ ಸೀಮೆಗಾಗಿ ಹೋರಾಡಿದರು. ಇಂಥ ಸೀಮೆಯಲ್ಲಿ ಶ್ರೀಮಂತನ ಮನೆಯೂ ಅರೆಕೋಟೆಯೇ ಆಗಿರಬೇಕಾಗಿತ್ತು. ದಪ್ಪವಾದ ಗೋಡೆಯ ಹೊಟ್ಟೆಯಲ್ಲಿ ಒಬ್ಬನೇ ನುಸಿಯಬಹುದಾದಷ್ಟು ಇಕ್ಕಟ್ಟಾದ ಪಾವಟಿಗೆಯನ್ನು ಅಡಗಿಸಿ, ಮೇಲ್ತುದಿಯಲ್ಲಿ ಅಡ್ಡಬಾಗಿಲನ್ನು ಹಾಕಿದರೆ, ಮೇಲಿದ್ದ ಒಬ್ಬನು ಕೆಳಗಿನಿಂದ ಬರುವ ಹಲವರನ್ನು ತಡೆಯಬಲ್ಲನು. ೧೬೫೬ರ ಹೊತ್ತಿಗೆ ಮುಗಿದ ವಿಜಾಪುರದ ಗೋಲಗುಮ್ಮಟದ ಮೂಲೆಗೋಪುರಗಳೊಳಗಣ ಇಕ್ಕಟ್ಟಾದ ಪಾವಟಿಗೆಗಳನ್ನು ಹತ್ತಿದವರಿಗೆ, ಗೋಡೆಯೊಳಗೆ ಮೆಟ್ಟಿಲನ್ನು ಅಡಗಿಸುವ ವಿದ್ಯೆಯು ಆ ಕಾಲದಲ್ಲಿ ಎಷ್ಟು ಪಳಗಿತ್ತೆಂಬುದು ಗೊತ್ತಾಗುವುದು. ಮೆಟ್ಟಿಲಿಗೆ ಫಾರಸಿಯಲ್ಲಿಯೂ ಉರ್ದುವಿನಲ್ಲಿಯೂ ಇರುವ ಜೀನಾ ಎಂಬ ಹೆಸರು ಮರಾಠಿಗೆ ಜಿನಾ ಎಂದು ಇಳಿದುದು ಈ ಆಳಿಕೆಗಳ ಕಾಲದ ಕುರುಹಾಗಿದೆ.

೩

ಹಾಗಾದರೆ ಸುಖವಾದ ಸೋಪಾನದ ಅಳತೆಯನ್ನು ಪೂರ್ವಿಕರು ಅರಿಯದಿದ್ದರೇ? ಹಾಗೆನ್ನಲಾಗದು. ಮಯಮತ, ಮಾನಸಾರಗಳು ಸೋಪಾನವನ್ನು ಪ್ರತ್ಯೇಕವಾಗಿ ವಿಚಾರಿಸಿವೆ. ಅವುಗಳಲ್ಲಿ ಮೊದಲನೆಯದು ೧೯೧೯ರಲ್ಲಿ ತಿರುವನಂತಪುರದ ಸಂಸ್ಕೃತ ಗ್ರಂಥಮಾಲೆಯಲ್ಲಿ ಟಿ. ಗಣಪತಿ ಶಾಸ್ತ್ರಿಗಳಿಂದ ಅಚ್ಚಾಯಿತು. ಎರಡನೆಯದನ್ನು ಪ್ರಸನ್ನಕುಮಾರ ಆಚಾರ್ಯರು ಇಂಗ್ಲಿಷಿಗೆ ಪರಿವರ್ತಿಸಿ ೧೯೩೪ರಲ್ಲಿ ಪ್ರಕಟಿಸಿದರು. ತ್ರಿಖಂಡ, ಶಂಖಮಂಡಲ, ಅರ್ಧಗೋಮೂತ್ರ ಎಂಬ ಸೋಪಾನಭೇದಗಳ ಹೆಸರುಗಳೇ, ತಿರುಗುವ ಮತ್ತು ಮುರಿದು ಸಾಗುವ ಮೆಟ್ಟಿಲುಗಳ ರಚನೆಯು ಶಿಲ್ಪಿಗಳಿಗೆ ಪರಿಚಿತವಾಗಿತ್ತೆಂಬುದನ್ನು ಸೂಚಿಸುತ್ತವೆ. ಚಾಲುಕ್ಯರ ಗುಡಿಗಳ ಬಾಗಿಲಲ್ಲಿ ಮೆಟ್ಟಿಲಿನ ಬುಡಕ್ಕೆ ಚಂದ್ರಶಿಲೆಯನ್ನೂ ಇಕ್ಕೆಲಗಳಲ್ಲಿ ಆನೆಯ ಸೊಂಡಿಲಿನಂತೆ ಬಾಗಿದ ತಡೆಗಲ್ಲುಗಳನ್ನೂ ಇರಿಸಿದುದು ಕಾಣುವುದು. ಹತ್ತುವಿಕೆಯು ಎಲ್ಲಿ ಆರಂಭವಾಗುವುದೆಂದು ಕಣ್ಣಿಗೆ ತೋರಿಸುವುದು, ಬದಿಗೆ ಜಾರದಂತೆ ತಡೆಯುವುದು ಇವೆರಡೂ ಆ ಅಲಂಕಾರಗಳಿಂದ ಸಾಧಿಸುವ ಪ್ರಯೋಜನಗಳೇ.

ಪಾಶ್ಚಾತ್ಯರಲ್ಲಿ ಈ ವಿಷಯವು ಲೆಕ್ಕದ ರೂಪವನ್ನು ಬೇಗನೆ ಪಡೆಯಿತು. ಕ್ರಿಸ್ತಪೂರ್ವ ಒಂದನೆಯ ಶತಮಾನದ ರೋಮನ್ ವಾಸ್ತುವಿದ ವಿಟ್ರೂವಿಯಸನು, ಮೂರು, ನಾಲ್ಕು, ಐದು ಭಾಗಗಳ ಲಂಬತ್ರಿಕೋನವನ್ನು ಮೆಟ್ಟಿಲಿಗೆ ಅನ್ವಯಿಸಿದನು: ಎತ್ತರವು ಮೂರು ಪಾಲಾದರೆ ನೆಲದ ಮೇಲಿನ ಚಾಚು ನಾಲ್ಕು ಪಾಲು, ಓರೆಹಲಗೆ ಐದು ಪಾಲು. ಹದಿನೇಳನೆಯ ಶತಮಾನದಲ್ಲಿ ಪ್ಯಾರಿಸಿನ ರಾಜಾಶ್ರಯದ ವಾಸ್ತುವಿದ್ಯಾಸಂಸ್ಥೆಯ ಮೊದಲ ನಿರ್ದೇಶಕನಾದ ಫ್ರಾನ್ಸ್ವಾ ಬ್ಲೊಂಡೆಲನು ಇನ್ನೂ ಸೂಕ್ಷ್ಮವಾದ ನಿಯಮವನ್ನು ಕಂಡನು. ಅವನ ವಾಸ್ತುಪಾಠಗಳು ೧೬೭೫ರಿಂದ ೧೬೮೩ರವರೆಗೆ ಪ್ರಕಟವಾದುವು. ಸಮನೆಲದಲ್ಲಿ ನಡೆಯುವವನ ಹೆಜ್ಜೆಯು ೨೪ ಇಂಚು; ನೆಟ್ಟಗೆ ನಿಂತ ಏಣಿಯನ್ನು ಹತ್ತುವವನ ಹೆಜ್ಜೆಯು ೧೨ ಇಂಚು; ಆದುದರಿಂದ ಎತ್ತರದ ಒಂದು ಇಂಚು ಸಮನೆಲದ ಎರಡು ಇಂಚುಗಳಿಗೆ ಸಮ ಎಂಬುದು ಅವನ ತರ್ಕ. ಒಂದು ಮೆಟ್ಟಿಲಿನಿಂದ ಮುಂದಿನದಕ್ಕಿರುವ ಎತ್ತರವನ್ನು ಏರೆಂದೂ, ಕಾಲಿಡುವ ಮೈಯ ಆಳವನ್ನು ಹಾಸೆಂದೂ ಕರೆದರೆ, ಎರಡು ಏರುಗಳನ್ನೂ ಒಂದು ಹಾಸನ್ನೂ ಕೂಡಿದ ಮೊತ್ತವು ೨೪ ಫ್ರೆಂಚ್ ಇಂಚುಗಳಾಗಬೇಕು. ಅಂದಿನ ಫ್ರೆಂಚ್ ಇಂಚು ಇಂಗ್ಲಿಷ್ ಇಂಚಿಗಿಂತ ದೊಡ್ಡದಾದುದರಿಂದ ಈ ಮೊತ್ತವು ಸುಮಾರು ೬೫ ಸೆಂಟಿಮೀಟರಿಗೆ ಸಮ. ಏಣಿಯನ್ನೂ ನಡಿಗೆಯನ್ನೂ ಒಂದೇ ಸೂತ್ರದಲ್ಲಿ ಪೋಣಿಸಿದುದು ಈ ನಿಯಮದ ವೈಶಿಷ್ಟ್ಯ.

ಭಾರತದ ರಾಷ್ಟ್ರೀಯ ಕಟ್ಟಡ ಸಂಹಿತೆಯು ವಾಸದ ಮನೆಗಳಲ್ಲಿ ಏರು ೧೯೦ ಮಿಲಿಮೀಟರನ್ನು ಮೀರಕೂಡದೆಂದೂ, ಹಾಸು ೨೫೦ ಮಿಲಿಮೀಟರಿಗಿಂತ ಕಡಮೆಯಿರಕೂಡದೆಂದೂ ವಿಧಿಸುತ್ತದೆ. ಈ ಮೇರೆಯ ಮೆಟ್ಟಿಲಿನ ಓರೆಯು ಸುಮಾರು ೩೭ ಅಂಶ. ವಿಟ್ರೂವಿಯಸನ ತ್ರಿಕೋನದ ಓರೆಯೂ ಸುಮಾರು ೩೭ ಅಂಶವೇ. ಎರಡು ಸಾವಿರ ವರ್ಷಗಳಲ್ಲಿ ಮನೆಗಳು ಬಹಳ ಬದಲಾಗಿದ್ದರೂ ಮನುಷ್ಯನ ಕಾಲು ಬದಲಾಗಿಲ್ಲವೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಡ.

೪

ಈ ನಿಯಮಗಳನ್ನು ನಾಡಿನ ಅಳತೆಗೆ ತಿರುಗಿಸಿ ನೋಡುವುದು ಉಪಯುಕ್ತ. ೧೯೫೬ರ ಶಾಸನದಿಂದ ಮೆಟ್ರಿಕ್ ಪದ್ಧತಿಯು ಬರುವುದಕ್ಕೆ ಮೊದಲು ಬಡಗಿಯೂ ಗೌಂಡಿಯೂ ಬೆರಳು, ಗೇಣು, ಮೊಳಗಳನ್ನು ಬಲ್ಲವರಾಗಿದ್ದರು: ೧೨ ಬೆರಳಿಗೆ ಒಂದು ಗೇಣು, ೨೪ ಬೆರಳಿಗೆ ಒಂದು ಮೊಳ. ಮೊಳವನ್ನು ವಾಡಿಕೆಯಂತೆ ೧೮ ಇಂಚೆಂದು ಹಿಡಿದರೆ, ಗೇಣು ೯ ಇಂಚು, ಬೆರಳು ಮುಕ್ಕಾಲು ಇಂಚು. ಶಿಲ್ಪಗ್ರಂಥಗಳಲ್ಲಿ ೨೫, ೨೬, ೨೭ ಅಂಗುಲಗಳ ಹಸ್ತಗಳೂ ಉಂಟು. ಇಲ್ಲಿ ೨೪ ಅಂಗುಲದ ಕಿಷ್ಕುಹಸ್ತವನ್ನೇ ಗ್ರಹಿಸಿದೆ.

ಏರನ್ನು ಗೇಣಿಗೆ ಎರಡು ಬೆರಳು ಕಡಮೆ, ಹಾಸನ್ನು ಗೇಣಿಗೆ ಎರಡು ಬೆರಳು ಹೆಚ್ಚು ಎಂದು ಇಟ್ಟುಕೊಂಡರೆ, ಏರು ೧೦ ಬೆರಳು, ಹಾಸು ೧೪ ಬೆರಳು ಆಗುವುವು. ಎರಡು ಏರು, ಒಂದು ಹಾಸು ಕೂಡಿದರೆ ೩೪ ಬೆರಳು, ಎಂದರೆ ಇಪ್ಪತ್ತೈದೂವರೆ ಇಂಚು, ಸುಮಾರು ೬೫ ಸೆಂಟಿಮೀಟರು. ಇದು ಬ್ಲೊಂಡೆಲನ ಮೊತ್ತವೇ. ಹತ್ತು ಬೆರಳಿನ ಏರು ಏಳೂವರೆ ಇಂಚಾಗಿ, ಸಂಹಿತೆಯ ೧೯೦ ಮಿಲಿಮೀಟರಿಗೆ ಕೂದಲೆಳೆಯಷ್ಟೇ ಹೆಚ್ಚಿನದು. ಇದು ಯಾವ ಶಾಸ್ತ್ರಗ್ರಂಥದ ವಚನವೂ ಅಲ್ಲ, ಲೆಕ್ಕದಿಂದ ಫಲಿಸುವ ಮಾತು ಮಾತ್ರ. ಆದರೂ ಅಳತೆಯ ಕೋಲು ಇಲ್ಲದ ಕಡೆಯಲ್ಲಿಯೂ ಗೇಣೊಂದರಿಂದಲೇ ಸುಖವಾದ ಮೆಟ್ಟಿಲನ್ನು ಗುರುತಿಸಬಹುದೆಂಬುದು ಇದರಿಂದ ಸಿದ್ಧವಾಗುವುದು.

ನೆಲದಿಂದ ಮೇಲ್ನೆಲಕ್ಕೆ ೧೦ ಅಡಿ ಎತ್ತರವಿದೆಯೆಂದು ಭಾವಿಸಿದರೆ ಅದು ೧೬೦ ಬೆರಳು. ಹತ್ತು ಬೆರಳಿನ ಏರುಗಳು ಸರಿಯಾಗಿ ೧೬. ಅವುಗಳ ನಡುವಣ ಹಾಸುಗಳು ೧೫. ಹಾಸೊಂದಕ್ಕೆ ೧೪ ಬೆರಳಿನಂತೆ ಒಟ್ಟು ಚಾಚು ೨೧೦ ಬೆರಳು, ಎಂದರೆ ೧೩ ಅಡಿ ಒಂದೂವರೆ ಇಂಚು. ಇಷ್ಟು ಉದ್ದವಿಲ್ಲದ ಮನೆಯಲ್ಲಿ ನಡುವೆ ೩ ಅಡಿಯ ಜಗಲಿಯನ್ನಿಟ್ಟು ಹಿಂದಕ್ಕೆ ತಿರುಗಿಸಿದರೆ, ಎಂಟೆಂಟು ಏರುಗಳ ಎರಡು ಸಾಲುಗಳಾಗಿ, ಉದ್ದವು ೯ ಅಡಿ ಒಂದೂವರೆ ಇಂಚಿಗೆ ಇಳಿಯುವುದು; ಅಗಲವು ಮಾತ್ರ ಎರಡರಷ್ಟಾಗುವುದು.

ಅದೇ ಎತ್ತರವನ್ನು ೬ ಅಡಿಯ ಬಾಯಿಯಲ್ಲಿ ಏಣಿಮೆಟ್ಟಿಲಿನಿಂದ ಹತ್ತಬೇಕಾದರೆ, ೧೦ ಇಂಚಿನ ೧೨ ಏರುಗಳೂ, ಆರೂವರೆ ಇಂಚಿನ ೧೧ ಹಾಸುಗಳೂ ಆಗುವುವು. ಎರಡು ಏರು, ಒಂದು ಹಾಸು ಕೂಡಿದರೆ ಇಪ್ಪತ್ತಾರೂವರೆ ಇಂಚು. ಮೊತ್ತವನ್ನಷ್ಟೇ ನೋಡಿದರೆ ಇದೂ ಬ್ಲೊಂಡೆಲನ ನಿಯಮಕ್ಕೆ ಬಹು ದೂರವಿಲ್ಲ! ಆದರೆ ಓರೆಯು ೫೭ ಅಂಶಗಳಾಗಿ, ಹಾಸಿನ ಮೇಲೆ ಪಾದದ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಭಾಗಕ್ಕೆ ಮಾತ್ರ ಎಡೆ ಸಿಕ್ಕುವುದು. ಹತ್ತುವಾಗ ಮುಂಗಾಲೂರಿ ಹತ್ತಬಹುದು. ಮುಂದೆ ನೋಡುತ್ತ ಇಳಿಯುವಾಗ ಹಿಮ್ಮಡಿಯೊಂದೇ ಹಾಸಿನ ಮೇಲಿದ್ದು, ಬೆರಳುಗಳು ಗಾಳಿಯಲ್ಲಿರುವುವು. ಆದುದರಿಂದ ಮೊತ್ತದ ನಿಯಮವು ಸಾಲದು. ಹಾಸು ಪಾದಕ್ಕಿಂತ ಕಿರಿದಾಗಕೂಡದೆಂಬ ನಿಯಮವು ಅದಕ್ಕಿಂತ ಮೊದಲಿನದು.

೫

ಮೆಟ್ಟಿಲುಗಳ ಎಣಿಕೆಯು ಬೆಸವಾಗಿರಬೇಕೆಂಬ ನಂಬಿಕೆಯು ನಾಡಿನಲ್ಲಿ ಪ್ರಚಲಿತವಾಗಿದೆ. ಇದು ಇಲ್ಲಿಯ ಜನರದು ಮಾತ್ರವಲ್ಲ. ವಿಟ್ರೂವಿಯಸನೂ ದೇವಾಲಯದ ಮೆಟ್ಟಿಲುಗಳು ಬೆಸವಾಗಿರಬೇಕೆಂದು ವಿಧಿಸಿ, ಬಲಗಾಲಿನಿಂದ ಮೊದಲು ಮಾಡಿದವನು ಬಲಗಾಲಿನಿಂದಲೇ ಮೇಲ್ನೆಲವನ್ನು ಮುಟ್ಟುವನೆಂದು ಕಾರಣವನ್ನು ಹೇಳಿದ್ದಾನೆ. ಬಲಗಾಲನ್ನು ಮುಂದಿಟ್ಟು ಮನೆಯನ್ನು ಹೊಗುವ ಸಂಪ್ರದಾಯವುಳ್ಳ ಕನ್ನಡಿಗರಿಗೆ ಈ ಕಾರಣವು ಅಪರಿಚಿತವೆನಿಸದು.

ನಂಬಿಕೆಯಿಂದ ಹಾನಿಯಿಲ್ಲ, ಅದನ್ನು ಪಾಲಿಸುವ ಕ್ರಮದಿಂದ ಹಾನಿಯಾಗಬಹುದು. ಕೆಲಸವು ಮುಗಿಯುತ್ತ ಬಂದಾಗ ಎಣಿಕೆಯು ಸಮವೆಂದು ಕಂಡುಬಂದರೆ, ಬುಡದಲ್ಲಿಯೋ ತುದಿಯಲ್ಲಿಯೋ ಒಂದು ಗಿಡ್ಡ ಮೆಟ್ಟಿಲನ್ನು ಸೇರಿಸಿ ಸರಿಪಡಿಸುವುದುಂಟು. ಹತ್ತುವವನ ಕಾಲು ಮೊದಲ ಎರಡು ಮೂರು ಹೆಜ್ಜೆಗಳಲ್ಲಿ ಏರಿನ ಅಳತೆಯನ್ನು ಕಲಿತು, ಮುಂದೆ ಕಣ್ಣಿನ ಸಹಾಯವಿಲ್ಲದೆಯೇ ಸಾಗುವುದು. ನಡುವೆ ಒಂದು ಏರು ಬೇರೆಯಾದರೆ ಎಡವುವುದು. ಅಮೆರಿಕದ ಗೃಹನಿರ್ಮಾಣ ಸಂಹಿತೆಯು ಒಂದೇ ಸಾಲಿನ ಏರುಗಳಲ್ಲಿ ಅತಿ ದೊಡ್ಡದಕ್ಕೂ ಅತಿ ಚಿಕ್ಕದಕ್ಕೂ ಒಂದು ಇಂಚಿನ ಎಂಟನೆಯ ಮೂರು ಭಾಗಕ್ಕಿಂತ, ಎಂದರೆ ಅರ್ಧ ಬೆರಳಿಗಿಂತ, ಹೆಚ್ಚು ವ್ಯತ್ಯಾಸವಿರಕೂಡದೆಂದು ಕಟ್ಟುಮಾಡಿದೆ. ೧೯೯೨ರಲ್ಲಿ ಜಾನ್ ಟೆಂಪ್ಲರರು ಪ್ರಕಟಿಸಿದ ಸೋಪಾನವಿಷಯಕವಾದ ಎರಡು ಸಂಪುಟಗಳಲ್ಲಿ ಒಂದು ಇತಿಹಾಸಕ್ಕೂ ಇನ್ನೊಂದು ಬೀಳುವಿಕೆಯ ಅಪಾಯಗಳಿಗೂ ಮೀಸಲಾಗಿರುವುದು ಈ ವಿಷಯದ ಗೌರವವನ್ನು ತೋರಿಸುತ್ತದೆ.

ಬೆಸವೆಣಿಕೆಯನ್ನೂ ಸಮವಾದ ಏರನ್ನೂ ಒಟ್ಟಿಗೆ ಸಾಧಿಸುವುದು ಕಷ್ಟವಲ್ಲ. ಮೇಲೆ ಹೇಳಿದ ದೃಷ್ಟಾಂತದಲ್ಲಿ ಏರುಗಳು ೧೬ ಆದರೂ ಹಾಸುಗಳು ೧೫. ಏರುಗಳೇ ಬೆಸವಾಗಬೇಕೆನ್ನುವವರು ಮೊದಲೇ ೧೭ನ್ನು ನಿಶ್ಚಯಿಸಿ, ೧೨೦ ಇಂಚುಗಳನ್ನು ಹದಿನೇಳಾಗಿ ಭಾಗಿಸಿದರೆ ಏಳು ಇಂಚಿಗೆ ತುಸು ಹೆಚ್ಚಾದ, ವೃದ್ಧರಿಗೆ ಇನ್ನೂ ಹಿತವಾದ ಏರು ದೊರೆಯುವುದು. ಎಣಿಕೆಯನ್ನು ಮೊದಲು ಗೊತ್ತುಮಾಡಿ ಎತ್ತರವನ್ನು ಭಾಗಿಸಬೇಕು. ಕಟ್ಟಿದ ಮೇಲೆ ಎಣಿಸಬಾರದು.

೬

ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಿಂದ ಈ ಪ್ರಾಂತದ ಮನೆಗಳ ಸ್ಥಿತಿಯು ಬದಲಾಯಿತು. ಬಾಸೆಲ್ ಮಿಶನ್ನಿನವರು ೧೮೬೫ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆಯನ್ನು ಸ್ಥಾಪಿಸಿದರು. ದಕ್ಷಿಣ ಮರಾಠಾ ರೇಲ್ವೆಯು ಹಾವೇರಿಯ ಮಾರ್ಗವಾಗಿ ಹಾದುಹೋಯಿತು. ಹಗುರವಾದ ಮಂಗಳೂರು ಹಂಚಿನ ಮಾಡನ್ನು ಎತ್ತರಿಸಿ, ಅದರ ಕೆಳಗೆ ಮಲಗುವ ಕೋಣೆಯನ್ನೂ ಓದುವ ಕೋಣೆಯನ್ನೂ ಮಾಡುವುದು ಸಾಧ್ಯವಾಯಿತು. ಅಟ್ಟವು ಮಹಡಿಯಾಯಿತು. ಆದರೆ ಅಟ್ಟಕ್ಕೆಂದು ಮಾಡಿದ್ದ ಬಾಯಿಯೂ ಅಲ್ಲಿಯ ಏಣಿಮೆಟ್ಟಿಲೂ ಎಷ್ಟೋ ಮನೆಗಳಲ್ಲಿ ಇದ್ದಂತೆಯೇ ಉಳಿದುವು. ವರ್ಷಕ್ಕೆ ಹತ್ತಾರು ಸಲ ಹತ್ತುತ್ತಿದ್ದುದನ್ನು ದಿನಕ್ಕೆ ಹತ್ತು ಸಲ ಹತ್ತಬೇಕಾಯಿತು. ಕೈಯಲ್ಲಿ ದೀಪ, ಸೊಂಟದಲ್ಲಿ ಕೂಸು, ತಲೆಯ ಮೇಲೆ ಕೊಡ ಇರುವವಳು ಇಕ್ಕೆಲದ ಹಲಗೆಯನ್ನು ಹಿಡಿಯುವುದು ಹೇಗೆ? ಸೀರೆಯ ನೆರಿಗೆಯು ಕಿರಿದಾದ ಹಾಸನ್ನು ಮರೆಮಾಡುವುದರಿಂದ ಇಳಿಯುವಾಗ ಅವಳಿಗೆ ಮೆಟ್ಟಿಲು ಕಾಣುವುದೂ ಇಲ್ಲ. ಏಣಿಯು ಏಣಿಯಾಗಿಯೇ ಉಳಿದು, ಅದರಿಂದ ಸೋಪಾನದ ಕೆಲಸವನ್ನು ಬೇಡಿದುದೇ ಅನರ್ಥಕ್ಕೆ ಮೂಲ. ತೊಲೆಯಿಂದ ಹಗ್ಗವೊಂದನ್ನು 'ಹಿಡಿ'ಗೆಂದು ಇಳಿಬಿಟ್ಟ ಮನೆಯವರು ಈ ಕೊರತೆಯನ್ನು ಅರಿತವರೇ ಆಗಿದ್ದರು.

ಈ ಮಾತು ಗತಕಾಲಕ್ಕೆ ಮಾತ್ರ ಸಂಬಂಧಪಟ್ಟುದಲ್ಲ. ಮಣ್ಣಿನ ಮಾಳಿಗೆಯ ಸ್ಥಾನದಲ್ಲಿ ಕಾಂಕ್ರೀಟಿನ ಚಾವಣಿಯು ಬಂದ ಮೇಲೆ ತೊಲೆಯ ನಿರ್ಬಂಧವು ಹೋಯಿತು. ಬಾಯನ್ನು ಬೇಕಾದಷ್ಟು ದೊಡ್ಡದಾಗಿ ಬಿಡಬಹುದು. ಹೀಗಿದ್ದರೂ ನಿವೇಶನದಲ್ಲಿ ಮಿಕ್ಕ ಮೂಲೆಗೆ ಪಾವಟಿಗೆಯನ್ನು ತುರುಕುವ ಅಭ್ಯಾಸವು ಹೋಗಿಲ್ಲ. ಮನೆಯ ಹೊರಗೋಡೆಗೆ ಕಲ್ಲುಚಪ್ಪಡಿಗಳನ್ನು ನಾಟಿ, ಕೈಯಾಸರೆಯ ಕಂಬಿಯಿಲ್ಲದೆ ಬಿಟ್ಟ ಮೆಟ್ಟಿಲುಗಳೂ ಕಾಣುತ್ತವೆ. ಕಾರಣವು ಹೋದ ಮೇಲೆಯೂ ಕಾರ್ಯವು ಉಳಿದಿದೆ. ವಿಶ್ವ ಆರೋಗ್ಯ ಸಂಸ್ಥೆಯು ೨೦೨೧ರಲ್ಲಿ ಕೊಟ್ಟ ಅಂದಾಜಿನಂತೆ, ಎಲ್ಲ ಬಗೆಯ ಬೀಳುವಿಕೆಗಳಿಂದ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು ೬,೮೪,೦೦೦ ಜನರು ಮರಣಹೊಂದುತ್ತಾರೆ. ಅವರಲ್ಲಿ ವೃದ್ಧರ ಪಾಲು ದೊಡ್ಡದು. ಅದರಲ್ಲಿ ಮೆಟ್ಟಿಲಿನ ಭಾಗವೆಷ್ಟೇ ಇರಲಿ, ಎರಡು ಬೆರಳಿನ ವಿವೇಕದಿಂದ ತಪ್ಪಿಸಬಹುದಾದ ದುಃಖವನ್ನು ಅಲ್ಪವೆನ್ನಲಾಗದು.

ಹಳೆಯ ಮನೆಗಳು ವರ್ಷವರ್ಷವೂ ಉರುಳುತ್ತಿವೆ. ಶಿಗ್ಗಾಂವದ ಸಮೀಪದ ಗೊಟಗೋಡಿಯಲ್ಲಿ ೨೦೧೧ರಲ್ಲಿ ಜಾನಪದ ವಿಶ್ವವಿದ್ಯಾಲಯವು ಸ್ಥಾಪಿತವಾಗಿ, ಹಾಡು ಕಥೆಗಳ ಸಂಗ್ರಹಕ್ಕೆ ಈ ಪ್ರಾಂತದಲ್ಲಿಯೇ ಒಂದು ನೆಲೆ ದೊರೆತಿದೆ. ಮನೆಗಳ ವಿಷಯದಲ್ಲಿಯೂ ಅಂಥ ಸಂಗ್ರಹವು ಆಗತಕ್ಕದ್ದು. ಉಳಿದಿರುವ ಪ್ರತಿಯೊಂದು ಹಳೆಯ ಪಾವಟಿಗೆಯ ಏರು, ಹಾಸು, ಎಣಿಕೆ, ಅಗಲ, ಬಾಯಿಯ ಉದ್ದ, ತೊಲೆಗಳ ಅಂತರ ಇವಿಷ್ಟನ್ನು ಅಳೆದು ಬರೆದಿಟ್ಟರೆ, ಕಡಿದಾದ ಮೆಟ್ಟಿಲಿಗೆ ತೊಲೆ ಎಷ್ಟು ಕಾರಣ, ರಕ್ಷಣೆ ಎಷ್ಟು ಕಾರಣ, ಬರಿಯ ರೂಢಿ ಎಷ್ಟು ಕಾರಣವೆಂಬುದು ಊಹೆಯನ್ನು ಬಿಟ್ಟು ಪ್ರಮಾಣಕ್ಕೆ ನಿಲ್ಲುವುದು. ಹೊಸ ಮನೆಯನ್ನು ಕಟ್ಟುವವರಿಗಾದರೋ ಅಷ್ಟು ಕಾಯಬೇಕಾದುದಿಲ್ಲ. ಏರಿಗೆ ಗೇಣಿನಿಂದ ಎರಡು ಬೆರಳನ್ನು ಕಳೆದು, ಹಾಸಿಗೆ ಗೇಣಿನ ಮೇಲೆ ಎರಡು ಬೆರಳನ್ನು ಕೂಡಿಸಿ, ಎಲ್ಲ ಏರುಗಳನ್ನೂ ಸಮನಾಗಿರಿಸಿ, ಒಂದು ಪಕ್ಕದಲ್ಲಾದರೂ ಕೈಗೆ ಆಸರೆಯನ್ನಿಟ್ಟರೆ, ಮನೆಯ ಹಿರಿಯಳು ಕೂಸನ್ನು ಎತ್ತಿಕೊಂಡು ನಿರ್ಭಯವಾಗಿ ಇಳಿದು ಬರಬಲ್ಲಳು.